ತಣ್ಣೀರ ಸ್ನಾನ ಮತ್ತು ಕಾಯಧರ್ಮ

ಸ್ನಾನವು ಗೃಹಸ್ಥನ ದಿನಚರಿಯ ಮೊದಲ ಕ್ರಿಯೆ. ಇಷ್ಟಲಿಂಗವನ್ನು ಕರಸ್ಥಲಕ್ಕೆ ಬಿಜಯಂಗೈಸುವ ಮುನ್ನ ಅಂಗವನ್ನು ತೊಳೆದುಕೊಳ್ಳುವುದು ಲಿಂಗವಂತರ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿ. ದಿನವೂ ನಡೆಯುವ ಕ್ರಿಯೆಯಾದುದರಿಂದಲೇ ಅದನ್ನು ಕುರಿತು ವಿಚಾರ ಮಾಡುವವರು ವಿರಳ. ಆದರೆ ಈಚಿನ ವರ್ಷಗಳಲ್ಲಿ ತಣ್ಣೀರ ಸ್ನಾನದ ಮಹಿಮೆಯ ಮಾತು ಎಲ್ಲೆಡೆಯೂ ಕೇಳಿಬರುತ್ತಿದೆ. ತಣ್ಣೀರು ಹೊಯ್ದುಕೊಂಡರೆ ಉದುರುವ ಕೂದಲು ನಿಲ್ಲುವುದು, ರೋಗವು ಹತ್ತಿರ ಸುಳಿಯದು, ಮನಸ್ಸು ದೃಢವಾಗುವುದು ಎಂದು ಹೇಳುವವರುಂಟು. ತರುಣರು ಇದನ್ನು ವ್ರತದಂತೆ ಹಿಡಿಯುತ್ತಾರೆ. ಹಿರಿಯರು ಹಂಡೆಯ ಬಿಸಿನೀರನ್ನು ಬಿಡಲೊಲ್ಲರು. ಹೀಗೆ ಒಂದೇ ಬಚ್ಚಲಮನೆಯಲ್ಲಿ ಎರಡು ಮತಗಳು ಹುಟ್ಟಿಕೊಂಡಿವೆ.

ಈ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡು. ಮೊದಲನೆಯದು, ಹೇಳಲಾಗುತ್ತಿರುವುದು ಸತ್ಯವೇ ಎಂಬುದು. ಎರಡನೆಯದು, ಸತ್ಯವಾದಷ್ಟನ್ನು ಯಾವ ಭಾವದಿಂದ ಆಚರಿಸಬೇಕೆಂಬುದು. ಶರಣರು ಕ್ರಿಯೆಯನ್ನೂ ಅರಿವನ್ನೂ ಬೇರೆಬೇರೆಯಾಗಿ ಕಂಡವರಲ್ಲ. ಅರಿವಿಲ್ಲದ ಕ್ರಿಯೆ ಬರಿಯ ಶ್ರಮ. ಕ್ರಿಯೆಯಾಗದ ಅರಿವು ಬರಿಯ ಮಾತು. ಒಂದು ಬಿಂದಿಗೆ ನೀರಿನ ವಿಷಯದಲ್ಲಿಯೂ ಈ ನ್ಯಾಯವು ಸಲ್ಲುತ್ತದೆ.

ಮೊದಲು ಕೂದಲಿನ ಮಾತು. ಚರ್ಮದ ಹೊರಗೆ ಕಾಣುವ ಕೂದಲಿಗೆ ಜೀವವಿಲ್ಲ. ಅದು ಉಗುರು, ಗೊರಸುಗಳಂತೆ ಕೆರಾಟಿನ್ ಎಂಬ ವಸ್ತುವಿನಿಂದಾದುದು. ಅದರಲ್ಲಿ ನರವಿಲ್ಲ, ರಕ್ತವಿಲ್ಲ. ಕತ್ತರಿಸಿದರೆ ನೋವಾಗದಿರುವುದೇ ಇದಕ್ಕೆ ಸಾಕ್ಷಿ. ಜೀವವಿರುವುದು ಚರ್ಮದೊಳಗಣ ಬೇರಿನಲ್ಲಿ. ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಬೆಳೆಯುತ್ತವೆ. ಒಂದೊಂದು ಕೂದಲೂ ಕೆಲವು ವರ್ಷ ಬೆಳೆದು, ಎರಡು ಮೂರು ತಿಂಗಳು ವಿಶ್ರಮಿಸಿ, ಬಳಿಕ ಉದುರಿ ಹೊಸದಕ್ಕೆ ಎಡೆಗೊಡುತ್ತದೆ. ಆದುದರಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜವೇ ಹೊರತು ರೋಗವಲ್ಲ. ತಲೆಯ ಮೇಲೆ ಐದು ನಿಮಿಷ ತಣ್ಣೀರು ಹರಿದ ಮಾತ್ರಕ್ಕೆ ಈ ಚಕ್ರವು ಬದಲಾಗುವುದೆಂಬುದಕ್ಕೆ ಆಧಾರವಿಲ್ಲ.

ಹಾಗಾದರೆ ತಣ್ಣೀರನ್ನು ಹೊಗಳಿದವರೆಲ್ಲರೂ ತಪ್ಪಿದರೆ? ಹಾಗೂ ಹೇಳಬರುವುದಿಲ್ಲ. ಕುದಿಬಿಸಿ ನೀರು ನೆತ್ತಿಯ ಜಿಡ್ಡನ್ನು ತೊಳೆದುಹಾಕುತ್ತದೆ. ಚರ್ಮ ಒಣಗುತ್ತದೆ, ಕೂದಲು ಒರಟಾಗಿ ಬೇಗ ಮುರಿಯುತ್ತದೆ. ತಣ್ಣೀರಿನಿಂದಾಗಲಿ ಉಗುರುಬೆಚ್ಚಗಿನ ನೀರಿನಿಂದಾಗಲಿ ಈ ಹಾನಿ ಇಲ್ಲ. ಪ್ರಾಚೀನ ವೈದ್ಯರೂ ಇದನ್ನು ಗಮನಿಸಿದ್ದರು. ಬಿಸಿನೀರ ಸ್ನಾನವು ಕತ್ತಿನ ಕೆಳಗಿನ ದೇಹಕ್ಕೆ ಬಲಕರವೆಂದೂ ಅದೇ ನೀರು ತಲೆಗೆ ಬಿದ್ದರೆ ಕೂದಲಿಗೂ ಕಣ್ಣಿಗೂ ಕೆಡುಕೆಂದೂ ವಾಗ್ಭಟನು ಅಷ್ಟಾಂಗಹೃದಯದಲ್ಲಿ ಹೇಳಿದ್ದಾನೆ. ಆದರೆ ಕೂದಲು ಮುರಿಯುವುದು ಬೇರೆ, ಬೇರುಸಹಿತ ಉದುರುವುದು ಬೇರೆ. ಮೊದಲನೆಯದನ್ನು ನೀರಿನ ಹದದಿಂದ ತಗ್ಗಿಸಬಹುದು. ಎರಡನೆಯದಕ್ಕೆ ಕಾರಣಗಳೇ ಬೇರೆ. ಗಂಡಸರ ಬೋಳುತಲೆ ಬಹುಮಟ್ಟಿಗೆ ವಂಶದಿಂದ ಬಂದುದು. ಹೆಂಗಸರಲ್ಲಿ ರಕ್ತದ ಕಬ್ಬಿಣದ ಕೊರತೆ, ಥೈರಾಯಿಡ್ ಗ್ರಂಥಿಯ ದೋಷ ಮೊದಲಾದ ಕಾರಣಗಳಿರಬಹುದು. ಕಠಿನ ಜ್ವರ ಇಳಿದ ಅಥವಾ ಹೆರಿಗೆಯಾದ ಎರಡು ಮೂರು ತಿಂಗಳಿಗೆ ಕೂದಲು ರಾಶಿಯಾಗಿ ಉದುರುವುದುಂಟು. ಅದು ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ.

ತಂಪು ನಿಜವಾಗಿ ಕೂದಲನ್ನು ಉಳಿಸುವ ಒಂದು ಸಂದರ್ಭವುಂಟು; ಅದನ್ನು ತಿಳಿದರೆ ಉಳಿದ ಮಾತಿನ ಮಿತಿ ತಾನಾಗಿ ತೋರುತ್ತದೆ. ಕ್ಯಾನ್ಸರ್ ರೋಗಕ್ಕೆ ಕೊಡುವ ಕೆಲವು ತೀಕ್ಷ್ಣ ಔಷಧಗಳು ಕೂದಲಿನ ಬೇರನ್ನೂ ಹಾಳುಮಾಡುತ್ತವೆ. ಔಷಧ ಒಳಸೇರುವ ಹೊತ್ತಿನಲ್ಲಿ ಯಂತ್ರದ ಟೊಪ್ಪಿಗೆಯಿಂದ ನೆತ್ತಿಯನ್ನು ತಂಪಾಗಿಟ್ಟರೆ ರಕ್ತನಾಳಗಳು ಸಂಕೋಚಗೊಂಡು ಬೇರಿಗೆ ಮುಟ್ಟುವ ಔಷಧ ಕಡಮೆಯಾಗುತ್ತದೆ. ಅಮೇರಿಕದಲ್ಲಿ ಸ್ತನದ ಕ್ಯಾನ್ಸರ್ ಇದ್ದ ಸ್ತ್ರೀಯರಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ಹೀಗೆ ತಂಪು ಪಡೆದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಕೂದಲನ್ನು ಬಹುಪಾಲು ಉಳಿಸಿಕೊಂಡರು. ಪಡೆಯದವರಲ್ಲಿ ಒಬ್ಬರೂ ಉಳಿಸಿಕೊಳ್ಳಲಿಲ್ಲ. ಇಲ್ಲಿ ವಿಚಾರಿಸತಕ್ಕ ಅಂಶವಿದು: ತಂಪು ಇಲ್ಲಿ ಉಪಕಾರಿಯಾದುದು ನೆತ್ತಿಗೆ ರಕ್ತವನ್ನು ಹೆಚ್ಚಿಸಿದುದರಿಂದಲ್ಲ, ತಗ್ಗಿಸಿದುದರಿಂದ. ತಣ್ಣೀರು ನೆತ್ತಿಗೆ ರಕ್ತವನ್ನು ಸೆಳೆದು ಕೂದಲು ಬೆಳೆಸುವುದೆಂದು ಹೇಳುವವರು ಈ ಸಂಗತಿಯನ್ನು ಗಮನಿಸಬೇಕು.

ಇನ್ನು ದೇಹದ ಆರೋಗ್ಯದ ಮಾತು. ಬವೇರಿಯದ ಸೆಬಾಸ್ಟಿಯನ್ ಕ್ನೈಪ್ (1821–1897) ಎಂಬ ಕ್ರೈಸ್ತ ಪಾದ್ರಿ ತಣ್ಣೀರ ಚಿಕಿತ್ಸೆಯನ್ನು ಯುರೋಪಿನಲ್ಲೆಲ್ಲ ಹರಡಿದವನು. ವಿದ್ಯಾರ್ಥಿಯಾಗಿದ್ದಾಗ ಪುಪ್ಪುಸದ ರೋಗಕ್ಕೆ ತುತ್ತಾಗಿದ್ದ ಅವನು 1849ರ ಚಳಿಗಾಲದಲ್ಲಿ ಡ್ಯಾನ್ಯೂಬ್ ನದಿಯಲ್ಲಿ ಕ್ಷಣಕಾಲ ಮುಳುಗಿ ಮೇಲೇಳುವ ಅಭ್ಯಾಸ ಮಾಡಿದನು; ತಾನು ಗುಣಹೊಂದಿದುದು ಇದರಿಂದಲೇ ಎಂದು ನಂಬಿದನು. 1886ರಲ್ಲಿ ಪ್ರಕಟವಾದ ಅವನ ಜಲಚಿಕಿತ್ಸೆಯ ಗ್ರಂಥವು ಅನೇಕ ಭಾಷೆಗಳಿಗೆ ಹೋಯಿತು. ಅವನಲ್ಲಿ ಮೆಚ್ಚತಕ್ಕ ಗುಣವೊಂದುಂಟು. ಮೊದಮೊದಲು ಉಗ್ರವಾಗಿದ್ದ ತನ್ನ ಕ್ರಮವನ್ನು ಅನುಭವ ಬೆಳೆದಂತೆಲ್ಲ ಅವನು ಮೃದುಗೊಳಿಸುತ್ತ ಬಂದನು. ಅದನ್ನು ತನ್ನ ಗ್ರಂಥದಲ್ಲಿ ತಾನೇ ಒಪ್ಪಿಕೊಂಡನು. ತನ್ನ ಮತಕ್ಕಿಂತ ಅನುಭವ ದೊಡ್ಡದೆಂದು ತಿಳಿದವನು ಯಾವ ನಾಡಿನವನಾದರೂ ವಿವೇಕಿಯೇ.

ಆದರೆ ಒಬ್ಬನ ಅನುಭವ ಎಲ್ಲರಿಗೂ ಪ್ರಮಾಣವಾಗಲಾರದು. ಹಾಲೆಂಡಿನಲ್ಲಿ 3,018 ಮಂದಿಯ ಮೇಲೆ ನಡೆಸಿದ ಒಂದು ಪರೀಕ್ಷೆಯ ಫಲ 2016ರಲ್ಲಿ ಪ್ರಕಟವಾಯಿತು. ಕೆಲವರು ಎಂದಿನಂತೆ ಸ್ನಾನ ಮಾಡಿದರು. ಉಳಿದವರು ಬಿಸಿನೀರ ಸ್ನಾನದ ಕೊನೆಗೆ 30, 60 ಅಥವಾ 90 ಸೆಕೆಂಡು ತಣ್ಣೀರಿಗೆ ಮೈಯೊಡ್ಡಿದರು. ಹೀಗೆ 30 ದಿನ ನಡೆಯಿತು. ತಣ್ಣೀರಿನವರು ಅನಾರೋಗ್ಯದ ಕಾರಣದಿಂದ ಕೆಲಸಕ್ಕೆ ಗೈರುಹಾಜರಾದುದು ಶೇಕಡಾ 29ರಷ್ಟು ಕಡಮೆಯೆಂದು ಕಂಡುಬಂದಿತು. 30 ಸೆಕೆಂಡಿನವರಿಗೂ 90 ಸೆಕೆಂಡಿನವರಿಗೂ ಫಲದಲ್ಲಿ ಭೇದವಿರಲಿಲ್ಲ. ಸೋಜಿಗವೆಂದರೆ, ಕಾಯಿಲೆಯಿಂದಿದ್ದ ದಿನಗಳ ಸಂಖ್ಯೆ ಎರಡು ಪಕ್ಷಗಳಲ್ಲಿಯೂ ಸಮವಾಗಿಯೇ ಇತ್ತು. ಎಂದರೆ, ತಣ್ಣೀರು ರೋಗವನ್ನು ತಡೆಯಲಿಲ್ಲ. ರೋಗ ಬಂದಾಗಲೂ ಕೆಲಸಕ್ಕೆ ಹೋಗುವ ಉತ್ಸಾಹವನ್ನು ಉಳಿಸಿತು. ತಾವು ತಣ್ಣೀರಿನವರೆಂಬ ನಂಬಿಕೆಯೇ ಆ ಉತ್ಸಾಹಕ್ಕೆ ಕಾರಣವಾಗಿರಲೂ ಸಾಧ್ಯ. ಏಕೆಂದರೆ ತಾನು ಯಾವ ನೀರನ್ನು ಹೊಯ್ದುಕೊಂಡೆನೆಂಬುದನ್ನು ಯಾರಿಂದಲೂ ಮರೆಮಾಡಲಾಗದು. ಕಾಯಕವನ್ನು ತಪ್ಪಿಸದಿರುವ ಉತ್ಸಾಹವೂ ಅಲ್ಪ ಲಾಭವಲ್ಲ. ಆದರೆ ಅದನ್ನು ರೋಗನಾಶವೆಂದು ಕರೆಯುವುದು ಸತ್ಯವಲ್ಲ.

ಅಪಾಯದ ಪಕ್ಷವನ್ನೂ ಹೇಳತಕ್ಕದ್ದು. ತೀರ ತಣ್ಣನೆಯ ನೀರು ಒಮ್ಮೆಲೇ ಮೈಮೇಲೆ ಬಿದ್ದರೆ ಉಸಿರು ಸಿಕ್ಕಿಕೊಂಡಂತಾಗುತ್ತದೆ, ಎದೆಬಡಿತವೂ ರಕ್ತದ ಒತ್ತಡವೂ ಥಟ್ಟನೆ ಏರುತ್ತವೆ. ಆರೋಗ್ಯವಂತನಿಗೆ ಇದು ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಕೆಲವು ದಿನಗಳ ಅಭ್ಯಾಸದಿಂದ ಇನ್ನೂ ತಗ್ಗುತ್ತದೆ. ಹೃದ್ರೋಗಿಗೆ, ರಕ್ತದ ಒತ್ತಡವುಳ್ಳವರಿಗೆ, ವೃದ್ಧರಿಗೆ ಅದೇ ಕ್ಷಣವು ಗಂಡಾಂತರವಾಗಬಹುದು. ಹಾಲೆಂಡಿನ ಪರೀಕ್ಷೆಯಲ್ಲಿಯೂ 65 ವರ್ಷ ಮೀರಿದವರನ್ನಾಗಲಿ, ಹೃದಯ ಪುಪ್ಪುಸಗಳ ಕಠಿನ ರೋಗವುಳ್ಳವರನ್ನಾಗಲಿ ಸೇರಿಸಿರಲಿಲ್ಲ.

ಸಂಗತಿ ಇಷ್ಟಾದ ಮೇಲೆ ಎರಡನೆಯ ಪ್ರಶ್ನೆ ಬರುತ್ತದೆ. ಇಲ್ಲಿ ಒಂದು ಶಂಕೆ ಏಳಬಹುದು. ನೀರಿನಲ್ಲಿ ಮುಳುಗಿ ಪುಣ್ಯ ಗಳಿಸುವೆವೆಂಬವರನ್ನು ಶರಣರು ಕಟುವಾಗಿ ಟೀಕಿಸಿದರಲ್ಲವೆ? ಅಂತಹ ಪರಂಪರೆಯವರಿಗೆ ನೀರು ಬಿಸಿಯೋ ತಣ್ಣಗೋ ಎಂಬ ವಿಚಾರವೇಕೆ? ಸಮಾಧಾನ ಕಠಿನವಲ್ಲ. ಶರಣರು ನಿರಾಕರಿಸಿದುದು ನೀರಿನಿಂದ ಪಾಪ ತೊಳೆಯುವುದೆಂಬ ಭ್ರಾಂತಿಯನ್ನು, ಮೈಯ ಶುಚಿತ್ವವನ್ನಲ್ಲ. ದೇಹವನ್ನೇ ದೇಗುಲವೆಂದು ಕಂಡವರು ಆ ದೇಗುಲದ ಅಂಗಳ ಗುಡಿಸುವುದನ್ನು ಬೇಡವೆನ್ನಲಿಲ್ಲ. ತಣ್ಣೀರಿನಲ್ಲಿ ಮಿಂದ ಮಾತ್ರಕ್ಕೆ ತಾನು ಜಿತೇಂದ್ರಿಯನೆಂದು ಬಗೆಯುವವನು ಆ ಹಳೆಯ ಭ್ರಾಂತಿಗೇ ಹೊಸ ಹೆಸರಿಟ್ಟಿದ್ದಾನೆ. ತೀರ್ಥದಲ್ಲಿ ಮುಳುಗಿದವನು ಪುಣ್ಯದ ಲೆಕ್ಕ ಹಾಕಿದನು. ಇವನು ಧೈರ್ಯದ ಲೆಕ್ಕ ಹಾಕುತ್ತಾನೆ. ಬೆಳಗ್ಗೆ ತಣ್ಣೀರು ಸಹಿಸಿದವನು ಮಧ್ಯಾಹ್ನ ಮನೆಯವರ ಒಂದು ಬಿರುನುಡಿಯನ್ನು ಸಹಿಸಲಾರದೆ ಹೋದರೆ, ಆ ನೀರು ಚರ್ಮದಿಂದ ಒಳಗೆ ಇಳಿಯಲಿಲ್ಲವೆಂದೇ ಅರ್ಥ.

ಕಾಯವನ್ನು ಕುರಿತು ಎರಡು ಅತಿಗಳುಂಟು. ಒಂದು, ಕಾಯವನ್ನು ವೈರಿಯೆಂದು ದಂಡಿಸುವುದು. ಇನ್ನೊಂದು, ಕಾಯವನ್ನೇ ದೈವವೆಂದು ಕನ್ನಡಿಯ ಮುಂದೆ ಪೂಜಿಸುವುದು. ತಣ್ಣೀರ ಸ್ನಾನಕ್ಕೆ ಈ ಎರಡೂ ಅತಿಗಳಿಂದ ಜನ ಬರುತ್ತಾರೆಂಬುದು ವಿಚಿತ್ರ. ಕಾಯವು ಪ್ರಸಾದವೆಂಬ ಭಾವವು ಈ ಎರಡನ್ನೂ ಬಿಡಿಸುತ್ತದೆ. ಪ್ರಸಾದವನ್ನು ಯಾರೂ ಚೆಲ್ಲುವುದಿಲ್ಲ. ಮುಚ್ಚಿಟ್ಟು ಮೆರೆಸುವುದೂ ಇಲ್ಲ. ಹಿತಮಿತವಾಗಿ ಸ್ವೀಕರಿಸಿ ಅದರ ಬಲದಿಂದ ಕಾಯಕಕ್ಕೆ ನಡೆಯುತ್ತಾರೆ. ಉಡುಗೆಯನ್ನು ತೊರೆದ ಅಕ್ಕಮಹಾದೇವಿಗೆ ಕೂದಲೇ ಮರೆಯಾಯಿತೆಂಬುದು ಪರಂಪರೆಯ ಕಥನ. ಲೋಕವು ಅಲಂಕಾರವೆಂದು ಎಣಿಸುವುದು ಅಲ್ಲಿ ಬರಿಯ ಹೊದಿಕೆಯಾಯಿತು. ಕೂದಲಿಗೆ ಎಷ್ಟು ಬೆಲೆ ಕಟ್ಟಬೇಕೆಂಬುದಕ್ಕೆ ಇದಕ್ಕಿಂತ ಹಿರಿದಾದ ನಿದರ್ಶನ ಬೇಕಿಲ್ಲ. ತಲೆ ಬೋಳಾದ ತರುಣನಾಗಲಿ, ಬಾಣಂತನದ ಬಳಿಕ ಜಡೆ ತೆಳುವಾದ ತಾಯಿಯಾಗಲಿ ಯಾವ ಆಚಾರವನ್ನೂ ತಪ್ಪಿದವರಲ್ಲ. ಅವರನ್ನು ಹಾಸ್ಯ ಮಾಡುವ ನಾಲಿಗೆಯೇ ಆಚಾರ ತಪ್ಪಿದುದು.

ಅರ್ಧಸತ್ಯದಿಂದಾಗುವ ಹಾನಿಯನ್ನೂ ಎಣಿಸಬೇಕು. ರಕ್ತಹೀನತೆಯಿಂದ ಬಳಲುತ್ತಿರುವ ಒಬ್ಬ ಹುಡುಗಿ ಕೂದಲು ಉದುರುವುದೆಂದು ಅಳಲುವಾಗ, ತಣ್ಣೀರು ಹೊಯ್ದುಕೊಂಡರೆ ಸರಿಹೋಗುತ್ತದೆಂದು ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಹೇಳಿಯಾರು. ಅವಳು ಚಳಿಯಲ್ಲಿ ನಡುಗುತ್ತ ಆರು ತಿಂಗಳು ಕಳೆಯುತ್ತಾಳೆ. ಅಷ್ಟು ಕಾಲವೂ ಅವಳಿಗೆ ಬೇಕಾಗಿದ್ದುದು ಒಂದು ರಕ್ತಪರೀಕ್ಷೆ, ವೈದ್ಯರ ಸಲಹೆ, ಹೊಟ್ಟೆತುಂಬ ಒಳ್ಳೆಯ ಆಹಾರ. ಹೇಳಿದವರಲ್ಲಿ ದುರುದ್ದೇಶವಿರಲಿಲ್ಲ, ಆದರೂ ಹಾನಿಯಾಯಿತು. ತಾನು ಅರಿಯದುದನ್ನು ಇನ್ನೊಬ್ಬರ ದೇಹಕ್ಕೆ ಮದ್ದೆಂದು ಹೇಳದಿರುವುದೂ ಸತ್ಯವ್ರತದ ಒಂದು ಅಂಗವೇ. ವೃದ್ಧ ತಂದೆಗೆ, ನೆಗಡಿಯಾದ ಮಗುವಿಗೆ ಬಲವಂತದಿಂದ ತಣ್ಣೀರು ಹೊಯ್ಯುವವರು ಇದನ್ನು ವಿಶೇಷವಾಗಿ ನೆನೆಯಬೇಕು. ವ್ರತವು ತನಗೆ, ದಯೆಯು ಇತರರಿಗೆ.

ತಣ್ಣೀರಿನ ಪಕ್ಷದಲ್ಲಿ ಹೇಳಬೇಕಾದ ಬಲವಾದ ಮಾತೊಂದು ಉಳಿದಿದೆ. ಅದು ಕೂದಲಿಗೂ ಸೇರಿದುದಲ್ಲ, ರಕ್ತನಾಳಕ್ಕೂ ಸೇರಿದುದಲ್ಲ. ಬಿಸಿನೀರು ತಾನಾಗಿ ಕಾಯುವುದಿಲ್ಲ. ಹಿಂದಿನ ಮನೆಗಳಲ್ಲಿ ಕೋಳಿ ಕೂಗುವ ಮುನ್ನ ಎದ್ದು, ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸಿ, ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಬಚ್ಚಲ ಒಲೆಗೆ ಸೌದೆ ಒಟ್ಟಿದವಳು ಮನೆಯ ಸೊಸೆ. ಎಲ್ಲರೂ ಬಿಸಿನೀರಿನಲ್ಲಿ ಮಿಂದು ಪೂಜೆಗೆ ಕುಳಿತಾಗ ಅವಳ ಪಾಲಿಗೆ ಉಳಿದುದು ಹಂಡೆಯ ತಳದ ಆರಿದ ನೀರು. ಇಂದು ಅನೇಕ ಮನೆಗಳಲ್ಲಿ ವಿದ್ಯುತ್ತು ಆ ಕೆಲಸ ಮಾಡುತ್ತದೆ. ಆದರೂ ವ್ಯಯ ತಪ್ಪಿಲ್ಲ. 20 ಲೀಟರು ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಅರ್ಧ ಯೂನಿಟ್ಟಿಗಿಂತ ಹೆಚ್ಚು ವಿದ್ಯುತ್ತು ಬೇಕು; ಐವರ ಕುಟುಂಬಕ್ಕೆ ದಿನಕ್ಕೆ ಸುಮಾರು 3 ಯೂನಿಟ್ಟು. ದೇಹಶಕ್ತಿಯುಳ್ಳವನು ಚೈತ್ರ ವೈಶಾಖದ ಸೆಖೆಯಲ್ಲಿಯೂ ಬಿಸಿನೀರನ್ನೇ ಬೇಡುವುದು ಅಭ್ಯಾಸದ ದಾಸ್ಯವೇ ಹೊರತು ಆರೋಗ್ಯವಲ್ಲ. ಇನ್ನೊಬ್ಬರ ಶ್ರಮವನ್ನು ಉಳಿಸಲೆಂದು, ಒಂದು ಹೊರೆ ಸೌದೆ ಉಳಿಯಲೆಂದು ತಣ್ಣೀರನ್ನು ಆರಿಸಿಕೊಂಡವನ ಸ್ನಾನವು ದಾಸೋಹದ ಹಾದಿಯಲ್ಲಿದೆ. ಅವನ ಕೂದಲು ಉಳಿಯಲಿ, ಬಿಡಲಿ. ಅವನ ಆಚಾರವು ಉಳಿಯಿತು.

ಆದುದರಿಂದ ಗೃಹಸ್ಥನು ಹಿಡಿಯತಕ್ಕ ಮಾರ್ಗ ಸರಳವಾಗಿದೆ. ಆರೋಗ್ಯವಿದ್ದವನು ಬೇಸಗೆಯಲ್ಲಿ ಆರಂಭಿಸಲಿ. ಮೊದಲು ಕಾಲಿಗೆ, ಬಳಿಕ ತೋಳಿಗೆ, ಕೊನೆಗೆ ಮೈಗೆ ನೀರು ಹೊಯ್ದುಕೊಳ್ಳಲಿ. ಒಂದೆರಡು ನಿಮಿಷ ಸಾಕು. ರೋಗವುಳ್ಳವನು ವೈದ್ಯರನ್ನು ಕೇಳದೆ ತೊಡಗದಿರಲಿ. ತಲೆಗೆ ಎರೆದುಕೊಳ್ಳುವ ನೀರು ಕುದಿಬಿಸಿಯಾಗದಿರಲಿ, ಸೀಗೆಕಾಯಿ ಮಿತವಾಗಿರಲಿ, ಒದ್ದೆಗೂದಲನ್ನು ಬಿರುಸಾಗಿ ಬಾಚದಿರಲಿ. ಕೂದಲು ಅಸಹಜವಾಗಿ ಉದುರಿದರೆ ಕಾರಣವನ್ನು ವೈದ್ಯರಲ್ಲಿ ವಿಚಾರಿಸಲಿ. ವೃದ್ಧರಿಗೂ ಬಾಣಂತಿಯರಿಗೂ ಬಿಸಿನೀರು ಸಿದ್ಧವಿರಲಿ. ಅದನ್ನು ಕಾಯಿಸುವ ಸರದಿ ಮನೆಯ ತರುಣರದಾಗಲಿ.

ತಾನು ತಣ್ಣೀರಿನಲ್ಲಿ ಮಿಂದು ಹಿರಿಯರಿಗೆ ಬಿಸಿನೀರು ಕಾಯಿಸಿ ಕೊಡುವವನ ಮನೆಯಲ್ಲಿ ಎರಡು ಮತಗಳ ಜಗಳವಿರುವುದಿಲ್ಲ. ಅಲ್ಲಿ ನೀರಿನ ಹದವನ್ನು ನಿರ್ಣಯಿಸುವುದು ದಯೆ.