ಮುಯ್ಯಾಳಿನ ಲೆಕ್ಕ

ನಮ್ಮ ಸಕಲೇಶಪುರದ ಕಡೆ ಗದ್ದೆ ನಾಟಿಗೆ ಮುಯ್ಯಾಳು ಹೋಗುವ ಪದ್ಧತಿ ಇತ್ತು. ಅವರ ಗದ್ದೆಗೆ ನಮ್ಮ ಮನೆಯಿಂದ ಇಬ್ಬರು ಹೋದರೆ ನಮ್ಮ ಗದ್ದೆಗೆ ಅವರ ಮನೆಯಿಂದ ಇಬ್ಬರು ಬರಬೇಕು. ಕೂಲಿ ಇಲ್ಲ, ಗದ್ದೆಯವರ ಮನೆಯಲ್ಲಿ ಊಟ. ಪಂಚಾಯಿತಿ ಚುನಾವಣೆಯಲ್ಲಿ ಮುಖ ಮುರಿದುಕೊಂಡವರೂ ನಾಟಿಯ ದಿನ ಒಂದೇ ಸಾಲಿನಲ್ಲಿ ಬಗ್ಗಿ ಸಸಿ ನೆಡುತ್ತಿದ್ದರು. ಜಗಳ ಮುಗಿಯಲಿ ಎಂದು ಮಳೆ ಕಾಯುವುದಿಲ್ಲವಲ್ಲ! ಅಮೆರಿಕಕ್ಕೆ ಬಂದು ಇಪ್ಪತ್ತು ವರ್ಷಗಳಾದ ಮೇಲೆ ಆ ಗದ್ದೆಯ ಸಾಲು ನನಗೆ ಮತ್ತೆ ನೆನಪಾದದ್ದು ಒಂದು ಶುಕ್ರವಾರ ಸಂಜೆ.

ಅಂದು 2025ರ ಸೆಪ್ಟೆಂಬರ್ 19. ಎಚ್-1ಬಿ ಎಂಬ ಕೆಲಸದ ವೀಸಾದ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂಬ ಅಧ್ಯಕ್ಷರ ಘೋಷಣೆ ಹೊರಬಿತ್ತು. 21ರಿಂದಲೇ ಜಾರಿ. ಈಗಾಗಲೇ ವೀಸಾ ಇದ್ದು ಊರಿಗೆ ಹೋದವರ ಗತಿ ಏನು ಎಂಬುದು ಆ ರಾತ್ರಿ ಯಾರಿಗೂ ಸ್ಪಷ್ಟವಿರಲಿಲ್ಲ. ಕೂಡಲೇ ಮರಳಿ ಬನ್ನಿ ಎಂದು ಕೆಲವು ಕಂಪನಿಗಳು ನೌಕರರಿಗೆ ಸಂದೇಶ ಕಳಿಸಿದವು. ನಮ್ಮ ಬೀದಿಯ ಹುಡುಗಿಯೊಬ್ಬಳ ಗಂಡ ತಾಯಿಯ ಕಣ್ಣಿನ ಆಪರೇಷನ್ ಮಾಡಿಸಲು ಧಾರವಾಡಕ್ಕೆ ಹೋಗಿದ್ದ. ಅಲ್ಲಿ ಆಗ ಶನಿವಾರ ಬೆಳಗಿನ ಜಾವ.

ನಾನು ಹೋದಾಗ ಅವಳ ಅಡುಗೆಮನೆಯ ಮೇಜಿನ ಮೇಲೆ ಫೋನ್ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಪಕ್ಕದಲ್ಲಿ ಮಗು ತಿಂದು ಬಿಟ್ಟ ಮೊಸರನ್ನದ ತಟ್ಟೆ. “ಅತ್ತಿಯವರನ್ನ ಬಿಟ್ಟು ಬರ್ರಿ ಅಂತ ನಾ ಹ್ಯಾಂಗ ಹೇಳ್ಲಿ, ಅಕ್ಕಾ?” ಎಂದು ಅವಳು ಅತ್ತೇ ಬಿಟ್ಟಳು. ಅರ್ಧ ಗಂಟೆಯಲ್ಲಿ ಇನ್ನೂ ಇಬ್ಬರು ಬಂದರು. ಒಬ್ಬರು ಮಗುವನ್ನು ಎತ್ತಿಕೊಂಡು ಹೋಗಿ ಮಲಗಿಸಿದರು. ಎಂಬತ್ತರ ದಶಕದಲ್ಲೇ ಇಲ್ಲಿಗೆ ಬಂದ ಹಿರಿಯರೊಬ್ಬರು ಫಾರ್ವರ್ಡ್‌ಗಳನ್ನೆಲ್ಲ ಬದಿಗಿಟ್ಟು, ಘೋಷಣೆಯ ಮೂಲವನ್ನೇ ಮೊದಲಿಂದ ಕೊನೆಯವರೆಗೆ ಓದಿದರು. ಪರಿಚಯದ ವಕೀಲರಿಗೆ ಫೋನ್ ಹೋಯಿತು. “ಟಿಕೆಟ್ ಸಿಗುತ್ತದೋ ನೋಡಿಡೋಣ, ಈಗಲೇ ದುಡ್ಡು ಕಟ್ಟುವುದು ಬೇಡ” ಎಂದು ತೀರ್ಮಾನವಾಯಿತು. ಶುಲ್ಕ ಹೊಸ ಅರ್ಜಿಗಳಿಗೆ ಮಾತ್ರ ಎಂಬ ಸರ್ಕಾರದ ಸ್ಪಷ್ಟನೆ ಶನಿವಾರ ಬಂತು. ಸೋಮವಾರ ಆಪರೇಷನ್ ಆಯಿತು, ಮಗ ತಾಯಿಯ ಪಕ್ಕದಲ್ಲೇ ಇದ್ದ.

ಆ ಮೇಜಿನ ಸುತ್ತ ಕೂತವರು ಚುನಾವಣೆಯಲ್ಲಿ ಒಂದೇ ಪಕ್ಷಕ್ಕೆ ಮತ ಹಾಕಿದವರಲ್ಲ. ಅದು ನನಗೆ ಚೆನ್ನಾಗಿ ಗೊತ್ತು. ಆ ರಾತ್ರಿ ಯಾರೂ ಅದನ್ನು ಎತ್ತಲಿಲ್ಲ.

ಈ ನೆಲದಲ್ಲಿ ಭಾರತೀಯರಿಗೆ ಇಂಥ ದಿನಗಳು ಹೊಸವಲ್ಲ. 1907ರ ಸೆಪ್ಟೆಂಬರ್ 4ರಂದು ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಮರದ ಮಿಲ್ಲುಗಳ ಪಂಜಾಬಿ ಕೂಲಿಗಳನ್ನು ಗುಂಪೊಂದು ಊರಿನಿಂದಲೇ ಓಡಿಸಿತು. ಐದು ವರ್ಷಗಳ ನಂತರ, 1912ರಲ್ಲಿ, ಕ್ಯಾಲಿಫೋರ್ನಿಯಾದ ಸ್ಟಾಕ್ಟನ್‌ನಲ್ಲಿ ಗುರುದ್ವಾರ ಎದ್ದಿತು. ಹೊಲಗಳಲ್ಲಿ ದುಡಿದು ದಣಿದವರಿಗೆ ಅಲ್ಲಿ ಊಟ ಸಿಗುತ್ತಿತ್ತು. ಜಾತಿ, ಮತ ಕೇಳುವವರಿರಲಿಲ್ಲ. ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದು 1923ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ಬಾಗಿಲು ಮತ್ತೆ ತೆರೆದದ್ದು 1946ರಲ್ಲಿ. ನಡುವಿನ 23 ವರ್ಷ ಅವರನ್ನು ಉಳಿಸಿದ್ದು ಅವರವರೇ. ಬರ್ಕ್‌ಲಿಯಲ್ಲಿ ಓದಲು 1920ರಲ್ಲಿ ಬಂದ ದಲೀಪ್ ಸಿಂಗ್ ಸೌಂಡ್ ಉಳಿದುಕೊಂಡದ್ದು ಅದೇ ಸ್ಟಾಕ್ಟನ್ ಗುರುದ್ವಾರದವರು ನಡೆಸುತ್ತಿದ್ದ ವಿದ್ಯಾರ್ಥಿ ನಿವಾಸದಲ್ಲಿ. 1956ರಲ್ಲಿ ಅವರು ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದರು. ಅಲ್ಲಿಗೆ ಹೋದ ಮೊದಲ ಭಾರತೀಯ ಮೂಲದವರು ಅವರೇ. ದಣಿದವರು ದಣಿದವರಿಗಾಗಿ ಕೂಡಿಟ್ಟ ಕಾಸಿನ ಫಲ ಅದು.

ಇಂದಿನ ನಮ್ಮ ಕಷ್ಟ ಬೇರೆ ಬಗೆಯದು. ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ ಭಾರತೀಯರ ಸರತಿ ವರ್ಷಗಟ್ಟಲೆ ಬೆಳೆದಿದೆ. ಎಚ್-1ಬಿಯವರ ಕೆಲಸ ಹೋದರೆ ಹೆಚ್ಚೆಂದರೆ 60 ದಿನ ಅವಕಾಶ. ಅಷ್ಟರೊಳಗೆ ಹೊಸ ಕೆಲಸ, ಮನೆಯ ಕಂತು, ಮಕ್ಕಳ ಶಾಲೆ ಎಲ್ಲ ನೋಡಿಕೊಳ್ಳಬೇಕು. ಅದರಲ್ಲಿ ಮೊದಲ ಇಪ್ಪತ್ತು ದಿನ ಯಾರಿಗೂ ಹೇಳದೆ ಮುಚ್ಚಿಡುವುದರಲ್ಲೇ ಕಳೆದುಹೋಗುತ್ತವೆ. ನಮ್ಮಲ್ಲಿ ಕೊಡುವ ಕೈಗಳಿಗೆ ಕೊರತೆಯಿಲ್ಲ, ಕೇಳುವ ಬಾಯಿಗೆ ನಾಚಿಕೆ. ಯುಗಾದಿಯ ದಿನ ರೇಷ್ಮೆ ಸೀರೆ ಉಟ್ಟು ನಕ್ಕು ಮಾತಾಡಿಸಿದವರ ಮನೆಯಲ್ಲಿ ಕೆಲಸ ಹೋಗಿ ತಿಂಗಳಾಗಿತ್ತೆಂದು ಆಮೇಲೆ ತಿಳಿದು ನಾನು ಸಂಕಟಪಟ್ಟಿದ್ದೇನೆ.

ಮುಯ್ಯಾಳಿಗೆ ಇನ್ನೊಂದು ನಿಯಮವಿತ್ತು. ಎಲ್ಲರ ಗದ್ದೆಗೂ ಹೋಗಿ, ತನ್ನ ಗದ್ದೆಗೆ ಮಾತ್ರ ಯಾರನ್ನೂ ಕರೆಯದವನನ್ನು ಊರು ಮೆಚ್ಚುತ್ತಿರಲಿಲ್ಲ. “ನಮ್ಮ ಋಣ ಬೇಡವೇನಯ್ಯ ನಿನಗೆ?” ಎಂದು ನಮ್ಮಜ್ಜ ಒಬ್ಬರನ್ನು ಗದರಿದ್ದು ಇನ್ನೂ ಕಿವಿಯಲ್ಲಿದೆ. ಕೇಳದವನೂ ಲೆಕ್ಕ ತಪ್ಪಿಸಿದವನೇ. ಕೇಳಿದಾಗಲೇ ಇನ್ನೊಬ್ಬನಿಗೆ ಕೇಳುವ ಧೈರ್ಯ ಬರುತ್ತದೆ.

ರಾಜ್ಯೋತ್ಸವ, ನಾಟಕ, ಹೋಳಿಗೆ ಊಟ ಎಲ್ಲವೂ ಬೇಕು. ಪರಿಚಯ ಬೆಳೆಯುವುದು ಅಲ್ಲೇ. ಆದರೆ ಆ ಪರಿಚಯ ಕಷ್ಟದ ರಾತ್ರಿ ಬಾಗಿಲು ತಟ್ಟುವಷ್ಟು ಗಟ್ಟಿಯಾಗಬೇಕು. ಇಲ್ಲಿನ ನಮ್ಮ ಕನ್ನಡಿಗರ ಈ ಸಲದ ಕಾರ್ಯಕ್ರಮದಲ್ಲಿ ಪ್ರವೇಶದ್ವಾರದ ಬಳಿ ಒಂದು ನೋಟ್‌ಪುಸ್ತಕ ಇಟ್ಟಿರುತ್ತೇವೆ. ಅದರಲ್ಲಿ ಎರಡು ಕಾಲಂ: “ನಾನು ಮಾಡಬಲ್ಲದ್ದು” ಮತ್ತು “ನನಗೆ ಬೇಕಾದದ್ದು”. ರೆಸ್ಯುಮೆ ತಿದ್ದುವುದು, ಆಸ್ಪತ್ರೆಗೆ ಕರೆದೊಯ್ಯುವುದು, ಹೊಸದಾಗಿ ಬಂದ ವಿದ್ಯಾರ್ಥಿಗೆ ವಾರದಲ್ಲೊಂದು ಊಟ, ಯಾವುದಾದರೂ ಸರಿ. ಮೊದಲ ಕಾಲಂ ತುಂಬುತ್ತದೆ, ಅದರ ಚಿಂತೆ ನನಗಿಲ್ಲ. ದಯವಿಟ್ಟು ಎರಡನೆಯದನ್ನು ಖಾಲಿ ಬಿಡಬೇಡಿ.