‘ಅಜ್ಜಿ, ಒಂದು ಮಾತು ಕೇಳಬೇಕಿತ್ತು’

ನಮ್ಮಜ್ಜಿ ಇರುವುದು ಕಂಪ್ಲಿ ಹತ್ತಿರದ ಒಂದು ಹಳ್ಳಿಯಲ್ಲಿ. ಅಪ್ಪ ತೋರಣಗಲ್ಲಿನ ಕಾರ್ಖಾನೆಗೆ ಶಿಫ್ಟಿಗೆ ಹೋಗುತ್ತಾನೆ, ಅವ್ವ ಗದ್ದೆಗೆ, ತಂಗಿ ಹೊಸಪೇಟೆಯ ಕಾಲೇಜಿಗೆ. ಹಗಲೆಲ್ಲ ಮನೆಯಲ್ಲಿ ಅಜ್ಜಿ ಒಬ್ಬಳೇ. ಮಾಡಿಟ್ಟ ಅನ್ನ ಸಾರು ಇದೆ, ಬಿ.ಪಿ. ಮಾತ್ರೆ ಇದೆ, ಟಿ.ವಿ. ಇದೆ, ತಿಂಗಳಿಗೆ ಸಂಧ್ಯಾ ಸುರಕ್ಷಾದ 1200 ರೂಪಾಯಿ ಇದೆ. ಆದರೂ ಸೊರಗುತ್ತಿದ್ದಳು. ಒಮ್ಮೆ ಅಪ್ಪ ಬೇಸರದಿಂದ ಕೇಳಿದ: “ಯವ್ವಾ, ನಿಂಗೇನ್ ಕಮ್ಮಿ ಆಗೈತಿ?”

“ಏನೂ ಕಮ್ಮಿಯಿಲ್ಲಪ್ಪ. ನನ್ನ ಯಾರೂ ಏನೂ ಕೇಳಂಗಿಲ್ಲ, ಅಷ್ಟೇ.”

ಈ ‘ಅಷ್ಟೇ’ ಸಣ್ಣದಲ್ಲ. ಒಂಟಿತನಕ್ಕೆ ಸಂಬಂಧಿಸಿದ ಕಾರಣಗಳಿಂದ ವರ್ಷಕ್ಕೆ 8,71,000ಕ್ಕೂ ಹೆಚ್ಚು ಜನ ಸಾಯುತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರಲ್ಲಿ ಅಂದಾಜಿಸಿತು. ಅಂದರೆ ಗಂಟೆಗೆ ಸುಮಾರು 100 ಮಂದಿ. ಇದು ನಡೆಯುವ ಬಗೆ ನಮಗೆ ಗೊತ್ತಿಲ್ಲದ್ದೇನಲ್ಲ. ತನ್ನೊಬ್ಬಳಿಗಾಗಿ ಒಲೆ ಹಚ್ಚುವ ಮನಸ್ಸಾಗುವುದಿಲ್ಲ, ಬೆಳಗಿನದ್ದೇ ರಾತ್ರಿಗೂ ಸಾಕು. ನಿದ್ದೆ ಕೆಡುತ್ತದೆ, ಮಾತ್ರೆ ಮರೆಯುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದರೆ ಸಂಜೆಯವರೆಗೆ ಯಾರಿಗೂ ತಿಳಿಯುವುದಿಲ್ಲ.

ಹಾಗಾದರೆ ಹಿರಿಯರಿಗೆ ನಮ್ಮಿಂದ ಸಲ್ಲಬೇಕಾದದ್ದು ಏನು? ಅನ್ನ ಔಷಧಿ ಕೊಟ್ಟರೆ ಋಣ ತೀರಿತೇ? 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ ಮಕ್ಕಳಿಂದ ಜೀವನಾಂಶ ಕೊಡಿಸಬಹುದು. ಆದರೆ ಮಾತು ಕೊಡಿಸುವ ಕಾಯ್ದೆ ಇರಲಾರದು.

ಮೊದಲು ಪಿಂಚಣಿ ಮನಿ ಆರ್ಡರಿನಲ್ಲಿ ಬರುತ್ತಿತ್ತು. ಪೋಸ್ಟ್‌ಮನ್ ಜಗಲಿಯ ಮೇಲೆ ಕೂತು, ಹೆಬ್ಬೆಟ್ಟು ಒತ್ತಿಸಿಕೊಂಡು, “ಉಂಡ್ಯೇನ್ ಬೇ?” ಎಂದು ಕೇಳಿ, ಪಕ್ಕದೂರಿನ ಸುದ್ದಿ ಹೇಳಿ ಹೋಗುತ್ತಿದ್ದ. ಕೆಲವು ಕಡೆ ಹತ್ತಿಪ್ಪತ್ತು ರೂಪಾಯಿ ಮುರಿದುಕೊಳ್ಳುವವರೂ ಇದ್ದರು. ಈಗ ಹಣ ನೇರ ಖಾತೆಗೆ ಬೀಳುತ್ತದೆ, ಒಂದು ಪೈಸೆಯೂ ಸೋರುವುದಿಲ್ಲ. ಅದು ಒಳ್ಳೆಯದೇ. ಆದರೆ ಸೋರಿಕೆಯ ಜೊತೆಗೆ ತಿಂಗಳಿಗೊಂದು ಭೇಟಿಯೂ ನಿಂತಿತು.

ಹಂಪಿಯಲ್ಲೂ ಇಂಥದ್ದೇ ಒಂದು ಲೆಕ್ಕ ತಪ್ಪಿತು. ವಿರೂಪಾಕ್ಷ ಗುಡಿಯ ಎದುರಿನ ಬಜಾರಿನಲ್ಲಿ, ಸಾಲುಮಂಟಪಗಳಲ್ಲೂ ಅವುಗಳಿಗೆ ಹೊಂದಿಕೊಂಡೂ ಇದ್ದ ಮನೆ ಅಂಗಡಿಗಳನ್ನು 2011ರ ಜುಲೈನಲ್ಲಿ ತೆರವುಗೊಳಿಸಿದರು. ಸ್ಮಾರಕ ಉಳಿಯಬೇಕೆಂಬ ವಾದದಲ್ಲಿ ಹುರುಳಿಲ್ಲವೆಂದಲ್ಲ. ಕಡ್ಡಿರಾಂಪುರದಲ್ಲಿ ಬದಲಿ ನಿವೇಶನವೂ ಗೊತ್ತಾಯಿತು. ಆದರೆ ತೇರು ಹೋಗುವುದನ್ನು ನೋಡುತ್ತ, ಬಂದವರಿಗೆ ದಾರಿ ಹೇಳುತ್ತ ಕೂತಿದ್ದ ಮುದುಕರ ಜಾಗವನ್ನು ಯಾವ ಪರಿಹಾರದ ಪಟ್ಟಿಯಲ್ಲಿ ಬರೆಯಬೇಕು? ಅವರಿಗೆ ಅದು ಬರೀ ಕೂರುವ ಜಾಗವಾಗಿರಲಿಲ್ಲ, ಇನ್ನೊಬ್ಬರಿಗೆ ಬೇಕಾಗುವ ಜಾಗವಾಗಿತ್ತು.

ಒಂಟಿತನಕ್ಕೆ ಮದ್ದು ‘ಜೊತೆ’ ಎಂದು ನಾವು ತಿಳಿದಿದ್ದೇವೆ. ಬರೀ ಜೊತೆ ಸಾಲದೆಂದು ನನಗೀಗ ಅನ್ನಿಸುತ್ತದೆ. ಜಿಂಬಾಬ್ವೆಯ ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟು, ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಮನಸ್ಸು ಕುಗ್ಗಿದವರು ಬಂದು ಅವರ ಮುಂದೆ ಕಷ್ಟ ಹೇಳಿಕೊಳ್ಳುತ್ತಾರೆ. ಅಲ್ಲಿ ಅಜ್ಜಿಯರು ಕರುಣೆಗೆ ಪಾತ್ರರಲ್ಲ, ಕೆಲಸಕ್ಕೆ ಬೇಕಾದವರು. ಅಷ್ಟು ದೂರ ಯಾಕೆ? ನಮ್ಮ ಸಂಡೂರಿನ ಲಂಬಾಣಿ ಕಸೂತಿಯೇ ಇದೆ. ಯಾವ ಹೊಲಿಗೆಯ ಪಕ್ಕ ಯಾವ ಬಣ್ಣ, ಕನ್ನಡಿಯನ್ನು ಎಲ್ಲಿ ಕೂರಿಸಬೇಕು ಎಂದು ಹೊಸಬಳು ಹಿರಿಯಳ ಹತ್ತಿರ ಹೋಗಿ ಕೇಳಲೇಬೇಕು. ಕಣ್ಣು ಮಂಜಾದರೂ ಆ ಕೈಗೆ ಬೆಲೆಯಿದೆ.

ಇಲ್ಲೊಂದು ಅಪಾಯವಿದೆ. ದುಡಿಯಲು ಗುಳೆ ಹೋಗುವವರು ಮಕ್ಕಳನ್ನು ಅಜ್ಜಿಯ ಮಡಿಲಿಗೆ ಹಾಕಿ ಹೋಗುತ್ತಾರೆ. ಅವಳು ದಿನವಿಡೀ ‘ಬೇಕಾದವಳು’. ಆದರೂ ಒಂಟಿ. ಯಾಕೆಂದರೆ ಅವಳನ್ನು ಬಳಸಿಕೊಂಡರು, ಕೇಳಲಿಲ್ಲ. ಕೇಳುವುದೆಂದರೆ ‘ಆಗಲ್ಲ’ ಎನ್ನುವ ಹಕ್ಕನ್ನೂ ಅವಳಿಗೆ ಬಿಡುವುದು, ಅವಳ ಉತ್ತರದಿಂದ ನಮ್ಮ ತೀರ್ಮಾನ ಬದಲಾಗಲು ಒಪ್ಪುವುದು. ಕೊಯ್ಲಿಗೆ ಯಂತ್ರ ಬಂದ ಮೇಲೆ, ಮಳೆಯ ಸುದ್ದಿ ಫೋನಿಗೆ ಬಂದ ಮೇಲೆ, ನಮಗೆ ಅಂಥ ಪ್ರಶ್ನೆಗಳೇ ಉಳಿದಿಲ್ಲ ಅನ್ನಿಸಬಹುದು. ಉಳಿದಿವೆ. ಕೇಳುವ ಪುರುಸೊತ್ತು ಹೋಗಿದೆ.

ನಾನೂ ಬೇರೆಯವನಲ್ಲ. ಪ್ರತಿ ಭಾನುವಾರ ಫೋನು ಮಾಡಿ ‘ಊಟ ಆಯ್ತಾ? ಮಾತ್ರೆ ತಗೊಂಡ್ಯಾ?’ ಎಂದು ಕೇಳಿ ಇಟ್ಟುಬಿಡುತ್ತಿದ್ದೆ. ಅವು ನರ್ಸ್ ಕೇಳುವ ಪ್ರಶ್ನೆಗಳು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ನಿಜಕ್ಕೂ ಹೆದರಿ ಕೇಳಿದೆ: “ಅಜ್ಜಿ, ಹಿಂದೆ ಹೊಳೆ ಬಂದಾಗ ನೀರು ಎಲ್ಲೀತನಕ ಬಂದಿತ್ತು?” ಅರ್ಧ ಗಂಟೆ ಮಾತಾಡಿದಳು. ಯಾವ ಓಣಿ ತಗ್ಗು, ಕಾಳಿನ ಚೀಲ ಎಲ್ಲಿಗೆ ಸಾಗಿಸಬೇಕು, ದನ ಯಾವ ಕಡೆ ಹೊಡೆಯಬೇಕು, ಎಲ್ಲ ಹೇಳಿದಳು. ಅಪ್ಪ ಅವಳು ಹೇಳಿದಂತೆ ಚೀಲ ಎತ್ತಿಟ್ಟ. ಊರಿಗೆ ನೀರು ನುಗ್ಗಲಿಲ್ಲ.

ಆ ರಾತ್ರಿ ತಾನೇ ಒಲೆ ಹಚ್ಚಿದಳಂತೆ.