ಎಲ್ಲರ ನೆಲವನ್ನು ಕೊಡತಕ್ಕವರು ಯಾರು?

ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣರು ಕಟ್ಟಿಸಿದ ಮನೆಯೊಂದಿರುತ್ತದೆ. 2011ರಲ್ಲಿ ಅದನ್ನು ಕೆಡವತೊಡಗಿದಾಗ ಹಲವರು ಮೊರೆಯಿಟ್ಟರು; ತರುವಾಯ ಸಾರ್ವಜನಿಕ ಹಣದಿಂದ ಅದು ಕೊಳ್ಳಲ್ಪಟ್ಟು, 2016ರಲ್ಲಿ ಎಲ್ಲರಿಗೂ ತೆರೆಯಲ್ಪಟ್ಟಿತು. ಒಬ್ಬರ ಸ್ವತ್ತು ಹೀಗೆ ಊರಿನದಾಯಿತು. ಅದೇ ಪಟ್ಟಣದ ಹೆಬ್ಬಾಳದಲ್ಲಿ ಇನ್ಫೋಸಿಸ್ ಸಂಸ್ಥೆಯ ಆವರಣವು ಮುನ್ನೂರು ಎಕರೆಗೂ ಮಿಕ್ಕು ಹಬ್ಬಿದೆ. ಸಾವಿರಾರು ಯೌವನಸ್ಥರು ಅಲ್ಲಿ ತರಬೇತು ಹೊಂದಿದ್ದಾರೆ. ಇದನ್ನು ಹಗುರವಾಗಿ ಎಣಿಸಲಾಗದು. ಮಗನಿಗೆ ಉದ್ಯೋಗ ದೊರೆತ ಮನೆಯವರನ್ನು ಕೇಳಿರಿ.

ಆದರೆ ಪ್ರಿಯ ವಾಚಕರೇ, ಇಂಥ ಆವರಣಕ್ಕಾಗಿ ಯಾವನಾದರೂ ಎಲ್ಲರ ನೆಲವನ್ನು ಬೇಡಿದರೆ ಕೊಡುವ ಅಧಿಕಾರವು ಯಾರದು? ಸರಕಾರದ್ದೆಂದು ಹೇಳುವದು ಸುಲಭ. ಸರಕಾರವಾದರೋ ಒಡೆಯನಲ್ಲ, ಪಾರುಪತ್ಯಗಾರನು ಮಾತ್ರ. ಗೋಮಾಳವನ್ನೇ ನೋಡಿರಿ. 1966ರ ಭೂಕಂದಾಯ ನಿಯಮಗಳು ನೂರು ದನಗಳಿಗೆ 12 ಹೆಕ್ಟೇರು ಮೇವಿನ ನೆಲವನ್ನು ಗೊತ್ತುಮಾಡಿದವು. ದನಗಳು ಕಡಿಮೆಯಾದರೆ ಮಿಕ್ಕ ನೆಲವು ಹೆಚ್ಚುವರಿಯೆಂದು ಬರೆಯಲ್ಪಡುವದು. ಅಲ್ಲಿ ಸೌದೆ ಆಯುವ ಮುದುಕಿಯಾದರೋ ದನವೂ ಅಲ್ಲ, ಹಿಡುವಳಿದಾರಳೂ ಅಲ್ಲ. ಯಾವ ಲೆಕ್ಕದಲ್ಲಿಯೂ ಆಕೆ ಬಾರಳು, ಆದದರಿಂದ ಪರಿಹಾರವೂ ಬಾರದು. ನಾರಾಯಣರ ಮನೆಗೆ ಹೆಸರಿತ್ತು, ಮೊರೆಯಿಡುವವರೂ ಇದ್ದರು.

ಕಾರ್ಖಾನೆ ಕಚೇರಿಗಳು ಬೇಡವೆಂದು ನಾನು ಹೇಳುವದಿಲ್ಲ. ಮಾರಿದ ನೆಲವು ಇನ್ನೂ ಹುಟ್ಟದವರ ಕೈಗೆ ತಿರಿಗಿ ಬಾರದಾದ ಕಾರಣ, ಕೊಡಲೇಬೇಕಾದಲ್ಲಿ ಗುತ್ತಿಗೆಗೆ ಕೊಡಲಿ. ಅದೂ ಆ ಮುದುಕಿಯನ್ನು ಕರೆದು ಕೇಳಿದ ಬಳಿಕ.